ಬಟ್ಟೆಯ ಇಲಿ ಪಾರಾಗುತ್ತಿದ್ದ ದಿನಗಳು

ಕಳೆದ ವರ್ಷ ಜುಲೈ ತಿಂಗಳ ಎರಡನೇ ಮಂಗಳವಾರ, ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ಹುಮನಾಬಾದಿನ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ನಮ್ಮ ಬೆಕ್ಕು ಆಡುವುದನ್ನು ನಿಲ್ಲಿಸಿತು. ಆಗ ಸ್ಥಳದಲ್ಲಿದ್ದವರು ಇಬ್ಬರು: ನಾನು ಮತ್ತು ನನ್ನ ಹೆಂಡತಿ ಶಾಂತಾ. ಕಾರಣ ತಿಳಿದುಬಂದಿರಲಿಲ್ಲ.

ಇಷ್ಟು ದಿನ ಬಿಟ್ಟು ಇದನ್ನು ಈಗ ಬರೆಯುವುದಕ್ಕೆ ಒಂದು ನೆಪವಿದೆ. ಹೋದ ವಾರ ಒಂದು ಪತ್ರಿಕಾಗೋಷ್ಠಿಯಲ್ಲಿ ಅಧಿಕಾರಿಗಳು ಮಾತು ಶುರು ಮಾಡಿದರು, ನಾನು ಪೆನ್ನಿಗಾಗಿ ಪ್ಯಾಂಟಿನ ಜೇಬಿಗೆ ಕೈಹಾಕಿದೆ. ಬಂದದ್ದು ಪೆನ್ನಲ್ಲ, ಲಾಡಿ ಕಟ್ಟಿದ ಒಂದು ಬಟ್ಟೆಯ ಇಲಿ. ಅದರ ಬೆನ್ನು ಹರಿದು ಹತ್ತಿ ಹೊರಗೆ ಇಣುಕುತ್ತಿತ್ತು. ಕಣ್ಣುಗಳಿರಲಿಲ್ಲ, ಇದ್ದ ಜಾಗದಲ್ಲಿ ದಾರದ ತುದಿಗಳಷ್ಟೇ ಉಳಿದಿದ್ದವು. ಪಕ್ಕದಲ್ಲಿ ಕುಳಿತಿದ್ದ ಬೇರೆ ಪತ್ರಿಕೆಯ ವರದಿಗಾರ, ಯಾರದ್ರೀ ಸರ್ ಇದು, ಎಂದು ಮೆಲ್ಲಗೆ ಕೇಳಿದ. ಮನಿದು, ಎಂದೆ. ಅವನು ಮುಂದೆ ಕೇಳಲಿಲ್ಲ. ಕೇಳಬೇಕಾಗಿತ್ತು. ವರದಿಗಾರನಾದವನು ಅಲ್ಲಿಗೇ ನಿಲ್ಲಬಾರದು.

ಬೆಕ್ಕಿನ ಹೆಸರು ಮಂಜಿ. ನಾವಿಟ್ಟ ಹೆಸರಲ್ಲ. ಮೂರು ವರ್ಷದ ಹಿಂದೆ ನಾವು ಬಸವಕಲ್ಯಾಣದಲ್ಲಿದ್ದೆವು. ಕೋಟೆಯ ಹತ್ತಿರದ ಓಣಿಯಲ್ಲಿ ಹಳೆಯ ಕಲ್ಲಿನ ಮನೆ. ಒಂದು ಬೆಳಿಗ್ಗೆ ಕಟ್ಟೆಯ ಮೇಲಿದ್ದ ಹಳೆ ಪತ್ರಿಕೆಗಳ ಕಟ್ಟಿನ ಮೇಲೆ ಒಂದು ಮರಿ ಮಲಗಿತ್ತು. ಅಂಗೈಯಷ್ಟು, ಬೂದು ಬಣ್ಣ, ಬಾಲದ ತುದಿ ಮಾತ್ರ ಬಿಳಿ. ಎದುರು ಮನೆಯ ಕಮಲಾಬಾಯಿಯವರ ಮನೆಮಾತು ಮರಾಠಿ. ಅವರು ಅದನ್ನು ನೋಡಿ ಮಾಂಜರ, ಮಾಂಜರ ಎಂದು ಕರೆದರು. ಮರಾಠಿಯಲ್ಲಿ ಬೆಕ್ಕು ಎಂದಷ್ಟೇ ಅರ್ಥ. ಮರಿ ತಲೆ ಎತ್ತಿ ನೋಡಿತು. ಅದನ್ನೇ ಮುರಿದು ಶಾಂತಾ ಮಂಜಿ ಮಾಡಿದಳು. ಬರವಣಿಗೆಯಲ್ಲಿ ನಾನು ಪ್ರಾಣಿಗಳಿಗೆ 'ಅದು' ಎನ್ನುತ್ತೇನೆ. ನಮ್ಮ ಪತ್ರಿಕೆಯ ಕ್ರಮ ಅದು. ಶಾಂತಾ ಮೊದಲ ದಿನದಿಂದಲೂ 'ಅಕಿ' ಎನ್ನುತ್ತಾಳೆ.

ಬಸವಕಲ್ಯಾಣದಲ್ಲಿ ಮಂಜಿಗೆ ವ್ಯಾಯಾಮದ ಚಿಂತೆ ಇರಲಿಲ್ಲ. ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಬೆಳಿಗ್ಗೆ ನಮ್ಮ ಮಾಳಿಗೆಯಿಂದ ಹೊರಟರೆ ಮಧ್ಯಾಹ್ನಕ್ಕೆ ಓಣಿಯ ಇನ್ನೊಂದು ತುದಿಯಲ್ಲಿ ಯಾರದೋ ಹಪ್ಪಳದ ಪಕ್ಕ ಬಿಸಿಲು ಕಾಯಿಸುತ್ತ ಕೂತಿರುತ್ತಿತ್ತು. ಸಂಜೆಗೆ ತಾನೇ ಬರುತ್ತಿತ್ತು. ಆಮೇಲೆ ಶಾಂತಾಗೆ ಹುಮನಾಬಾದಿನ ಪ್ರಾಥಮಿಕ ಶಾಲೆಗೆ ವರ್ಗವಾಯಿತು. ನನ್ನ ಕೆಲಸಕ್ಕೆ ಎರಡೂ ಊರು ಒಂದೇ. ಸುದ್ದಿ ಎಲ್ಲಿದ್ದರೂ ಫೋನು ಬರುತ್ತದೆ. ಮಹಡಿಯ ಮೇಲೆ ಮನೆ ಸಿಕ್ಕಿತು. ಮುಂದೆ ಹೆದ್ದಾರಿಯ ಕಡೆ ಹೋಗುವ ರಸ್ತೆ, ಹಗಲೆಲ್ಲ ಲಾರಿಗಳು. ಬಂದ ಮೊದಲ ವಾರ ಮಂಜಿ ಮೆಟ್ಟಿಲಿಳಿದು ಹೋಯಿತು. ರಸ್ತೆಯ ನಡುವೆ, ಎರಡು ಲಾರಿಗಳ ಮಧ್ಯೆ, ಹೊಟ್ಟೆ ನೆಲಕ್ಕಂಟಿಸಿ ಕುಳಿತದ್ದನ್ನು ನಾನೇ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದೆ. ಎದೆಗಾನಿಸಿಕೊಂಡರೆ ಅದರ ಗುಂಡಿಗೆ ನನ್ನ ಅಂಗಿಯ ಮೂಲಕ ಬಡಿಯುತ್ತಿತ್ತು. ಅಂದಿನಿಂದ ಬಾಗಿಲು ಮುಚ್ಚಿತು. ಹೊರಗಿನ ಬೆಕ್ಕು ಒಳಗಿನ ಬೆಕ್ಕಾಯಿತು.

ಬೆಕ್ಕನ್ನು ಮನೆಯೊಳಗೆ ಇಟ್ಟು ಬಾಗಿಲು ಹಾಕುವುದು ನನಗೆ ಹೊಸದು. ನಾನು ಬೆಳೆದದ್ದು ಮುಡಬಿಯಲ್ಲಿ, ಅಜ್ಜಿಯ ಮನೆಯಲ್ಲಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಮನೆಯ ಬೆಕ್ಕಿಗೆ ಹೆಸರಿರಲಿಲ್ಲ, ಕೆಲಸವಿತ್ತು. ಜೋಳದ ಚೀಲಗಳಿದ್ದ ಕತ್ತಲೆ ಕೋಣೆಯ ಹೊಸ್ತಿಲ ಮೇಲೆ ಅದರ ಜಾಗ. ಬೆಳಿಗ್ಗೆ ಆಯಿ ಒಂದು ಮುರುಕು ತಟ್ಟೆಗೆ ಹಾಲು ಹಾಕುತ್ತಿದ್ದಳು. ಸಂಜೆ ಏನೂ ಹಾಕುತ್ತಿರಲಿಲ್ಲ. ನಾವು ಹುಡುಗರು ಕದ್ದು ರೊಟ್ಟಿ ಚೂರು ಕೊಡಲು ಹೋದರೆ ಬೈಯುತ್ತಿದ್ದಳು. ಆಯಿ ಜಿಪುಣಿ ಎಂದು ಆಗ ತೀರ್ಮಾನಿಸಿದ್ದೆ. ಆ ಮನೆಯ ಫರಸಿಕಲ್ಲಿನ ನೆಲದ ಮೇಲೆ ಹುಣಸೆಬೀಜ ಉರುಳಿಸಿದರೆ ಬೆಕ್ಕು ಅದರ ಬೆನ್ನು ಹತ್ತಿ ಹೋಗುವುದು, ಕಾಲು ಜಾರಿ ಗೋಡೆಗೆ ಬಡಿಯುವುದು, ಎದ್ದು ಏನೂ ಆಗೇ ಇಲ್ಲ ಎನ್ನುವಂತೆ ಮೈ ನೆಕ್ಕಿಕೊಳ್ಳುವುದು ಇವೆಲ್ಲ ನೆನಪಿವೆ. ಬಿದ್ದ ಮೇಲೆ ಹೀಗೆ ಮುಖ ಇಟ್ಟುಕೊಳ್ಳುವವರನ್ನು ಮುಂದೆ ವೃತ್ತಿಯಲ್ಲಿ ಬಹಳ ಕಂಡೆ. ಬೆಕ್ಕಿನಷ್ಟು ಚೆನ್ನಾಗಿ ಯಾರಿಗೂ ಬರಲಿಲ್ಲ.

ಒಳಗಿನ ಬೆಕ್ಕಿಗೆ ದಿನವೂ ಆಟ ಬೇಕು ಎಂದು ಶಾಂತಾಗೆ ಹೇಳಿದವರು ಅವಳ ಶಾಲೆಯ ಇನ್ನೊಬ್ಬ ಶಿಕ್ಷಕಿ. ಹೇಳಿದ ಮರುದಿನವೇ ವೇಳಾಪಟ್ಟಿ ತಯಾರಾಯಿತು. ಸಂಜೆ ಆರಕ್ಕೆ ಮಂಜಿಯ ಊಟ. ಆರೂ ಹತ್ತರಿಂದ ಆರೂವರೆವರೆಗೆ ಆಟ. ಶಾಂತಾ ಇಪ್ಪತ್ತೆರಡು ವರ್ಷ ಒಂದನೇ ತರಗತಿಗೆ ಪಾಠ ಮಾಡಿದವಳು. ಅವಳ ಗಂಟೆ ಹೊಡೆದರೆ ಬೆಕ್ಕೂ ಎದ್ದು ಬರಬೇಕು. ಖಣದ ಬಟ್ಟೆಯ ಒಂದು ತುಂಡಿನಿಂದ ಅವಳೇ ಇಲಿ ಹೊಲಿದಳು. ಒಳಗೆ ಹತ್ತಿ ತುಂಬಿದಳು. ನನ್ನ ಹಳೆಯ ಅಂಗಿಯ ಎರಡು ಗುಂಡಿ ಕಿತ್ತು ಕಣ್ಣು ಮಾಡಿದಳು. ಬಾಲಕ್ಕೆ ಲಾಡಿ ಹೊಲಿದು ಅದರ ಇನ್ನೊಂದು ತುದಿಯನ್ನು ಜೋಳದ ದಂಟಿಗೆ ಕಟ್ಟಿದಳು. ಮೂರನೇ ದಿನ ದಂಟು ಮುರಿಯಿತು. ಆಮೇಲೆ ಜೇಡರಬಲೆ ಹೊಡೆಯುವ ಕೋಲು ಬಂತು.

ಆ ಆಟವನ್ನು ಮೊದಲ ಸಲ ನೋಡಿದ ಸಂಜೆ ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮಂಜಿ ಗೋಡೆಯ ಬದಿಗೆ ಮಲಗಿತ್ತು. ಇಲಿ ಅಲಮಾರಿಯ ಮೂಲೆಯಿಂದ ನಾಲ್ಕು ಬೆರಳಿನಷ್ಟು ಈಚೆ ಸರಿಯಿತು. ಮಂಜಿಯ ಕಿವಿಗಳು ತಿರುಗಿದವು. ತಲೆ ಇನ್ನೂ ತಿರುಗಿರಲಿಲ್ಲ. ಆಮೇಲೆ ತಲೆ ತಿರುಗಿತು. ಮೀಸೆಗಳು ಬಲೆಯಂತೆ ಮುಂದಕ್ಕೆ ಚಾಚಿಕೊಂಡವು. ಕಣ್ಣಿನ ಹಳದಿ ಅಂಚಿಗೆ ಸರಿಯುತ್ತ ಸರಿಯುತ್ತ ಬರೀ ಕಪ್ಪು ಉಳಿಯಿತು. ಮೈ ನೆಲಕ್ಕಿಳಿಯಿತು. ಬೆಕ್ಕಿದ್ದ ಜಾಗದಲ್ಲಿ ಒಂದು ಬೂದು ಕಲ್ಲು ಇತ್ತು. ಉಸಿರಾಟ ನನಗೆ ಕಾಣಲಿಲ್ಲ. ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡೆ: ನಲವತ್ತು ಸೆಕೆಂಡು ಕಳೆದವು. ಹೊರಗೆ ಲಾರಿಯೊಂದು ಹಾರ್ನು ಬಾರಿಸಿಕೊಂಡು ಹೋಯಿತು, ಕೆಳಗೆ ಯಾರೋ ಗೇಟು ತೆರೆದರು. ಅದು ಯಾವುದೂ ಆ ಕಲ್ಲಿಗೆ ತಲುಪಲಿಲ್ಲ. ಕೊನೆಗೆ ಹಿಂಗಾಲುಗಳು ನಿಂತಲ್ಲೇ ಎರಡು ಸಲ ತುಳಿದವು. ಸೊಂಟ ಎಡಕ್ಕೂ ಬಲಕ್ಕೂ ಅಲುಗಿತು. ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ. ನಡೆದು ಮುಗಿದ ಮೇಲೆ ನೋಡಿದೆ. ಕೋಣೆಯ ಆ ತುದಿಯಲ್ಲಿದ್ದದ್ದು ಈ ತುದಿಯಲ್ಲಿತ್ತು.

ಹತ್ತಿರ ಹತ್ತಿರ ಮೂವತ್ತು ವರ್ಷ ವರದಿ ಬರೆದಿದ್ದೇನೆ. ಒಂದು ವಿಷಯದ ಮೇಲೆ ಅಷ್ಟು ಗಮನ ನಾನು ಯಾವತ್ತೂ ಇಟ್ಟವನಲ್ಲ. ಭಾಷಣ ಕೇಳುವಾಗ ಊಟದ ಯೋಚನೆ, ಊಟ ಮಾಡುವಾಗ ತಲೆಬರಹದ ಯೋಚನೆ. ಹಾಲು ರೊಟ್ಟಿ ತಿಂದು ಬೆಳೆದ, ಇಲಿಯ ಮುಖವನ್ನೇ ನೋಡದ ಈ ಪ್ರಾಣಿಗೆ ಅದನ್ನು ಕಲಿಸಿದವರು ಯಾರು ಎಂದು ನಾನು ಶಾಂತಾಳನ್ನು ಕೇಳಿದೆ. ಕೇಳುವಾಗ ನನ್ನ ದನಿ ತಗ್ಗಿತ್ತು, ಗುಡಿಯೊಳಗೆ ನಿಂತವರ ಹಾಗೆ. ಅವಳೂ ಮೆತ್ತಗೇ ಹೇಳಿದಳು, ಕಲಿಸಿದ್ದಲ್ಲರೀ, ಹುಟ್ಟುತ್ತ ತಂದದ್ದು, ಎಂದು.

ಆದರೆ ಆ ಸಂಜೆ ಮಂಜಿಯ ಉಗುರು ಇಲಿಗೆ ತಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಶಾಂತಾ ಕೋಲನ್ನು ಮೇಲಕ್ಕೆ ಸೆಳೆದಳು. ಇಲಿ ಗಾಳಿಯಲ್ಲಿ ಹಾರಿ ಅವಳ ಮಡಿಲಿಗೆ ಬಿತ್ತು. ಪಾರಾತು, ಎಂದು ಅವಳು ಉಸಿರು ಬಿಟ್ಟಳು. ನಾನು ನಕ್ಕೆ. ಮರುದಿನವೂ ಪಾರಾಯಿತು. ಅದರ ಮರುದಿನವೂ. ಅದೇ ಆಟದ ನಿಯಮ ಎಂದುಕೊಂಡು ನಾನೂ ಸೇರಿಕೊಂಡೆ. ಶಾಂತಾ ಅಡುಗೆಯಲ್ಲಿದ್ದ ದಿನ ಕೋಲು ನನ್ನ ಕೈಗೆ ಬರುತ್ತಿತ್ತು, ಇಲಿಯನ್ನು ಪಾರು ಮಾಡುವುದರಲ್ಲಿ ನಾನೂ ಪಳಗಿದೆ. ಐದು ತಿಂಗಳು ಆಟ ನಡೆಯಿತು. ಐದು ತಿಂಗಳಲ್ಲಿ ಬೆಕ್ಕು ಒಂದು ಸಲವೂ ಇಲಿಯನ್ನು ಹಿಡಿಯಲಿಲ್ಲ.

ಶಾಂತಾಳ ತವರು ಬಸವಕಲ್ಯಾಣದಲ್ಲೇ. ದೀಪಕ್ಕೆ ಹುಳ ಬಿದ್ದೀತೆಂದು ಗಾಜಿನ ಚಿಮಣಿ ಮುಚ್ಚುವ ಮನೆ ಅದು. ಇರುವೆ ಸಾಲು ಕಟ್ಟಿದರೆ ಅವು ದಾಟಿಹೋಗುವವರೆಗೆ ಕಸ ಗುಡಿಸುವುದಿಲ್ಲ. ಅವಳು ಯಾರಿಗೂ ಉಪದೇಶ ಮಾಡುವವಳಲ್ಲ, ಬೆಳಗಿನ ಪೂಜೆ ಮುಗಿಸಿ ಸುಮ್ಮನೆ ಶಾಲೆಗೆ ಹೋಗುವವಳು. ಆದರೆ ಕೈಯಾರೆ ಕಣ್ಣಿಟ್ಟು ಹೊಲಿದ ಇಲಿಯನ್ನು ಬೆಕ್ಕಿನ ಬಾಯಿಗೆ ಕೊಡಲು ಅವಳ ಕೈ ಬರಲಿಲ್ಲ. ಆ ಮನೆಯ ಇನ್ನೊಂದು ರೂಢಿಯೂ ಅವಳ ಜೊತೆ ಬಂದಿತ್ತು. ಬಂದವರಿಗೆ ಮೊದಲು ತಾಟು ಹಾಕಬೇಕು, ಮಾತು ಕೆಲಸ ಏನಿದ್ದರೂ ಆಮೇಲೆ. ಮಂಜಿಗೂ ಹಾಗೇ. ಹಾಲಿನಲ್ಲಿ ಕಿವುಚಿದ ರೊಟ್ಟಿ, ಮೇಲೆ ತುಪ್ಪ. ತಿಂದಾದ ಮೇಲೆ ಆಟ. ಬೆಳಿಗ್ಗೆ ಅವಳು ಶಾಲೆಗೆ ಹೋದ ಮೇಲೆ, ಹಾಕಲು ಮರೆತಿರಬಹುದು ಎಂದು ನಾನೊಂದು ಸಲ ಹಾಕುತ್ತಿದ್ದೆ. ಅವಳು ಮರೆತಿರುತ್ತಿರಲಿಲ್ಲ. ಇದನ್ನು ನಾನು ಪರಿಶೀಲಿಸಿರಲಿಲ್ಲ.

ಹೀಗಿರುವಾಗ ಆ ಮಂಗಳವಾರ ಬಂತು. ಇಲಿ ಅಲಮಾರಿಯ ಮೂಲೆಯಿಂದ ಹೊರಟಿತು. ಮಂಜಿ ಇಲಿಯನ್ನು ನೋಡಿತು. ಆಮೇಲೆ ತಲೆ ಎತ್ತಿ ಶಾಂತಾಳ ಮುಖವನ್ನು ನೋಡಿತು, ಬಹಳ ಹೊತ್ತು. ಆಮೇಲೆ ಮುಂಗಾಲುಗಳ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು.

ನಾವು ಕೈಕಟ್ಟಿ ಕೂರಲಿಲ್ಲ. ಗೆಜ್ಜೆ ಹಾಕಿದ ಚೆಂಡು ಬಂತು. ಟಾರ್ಚಿನ ಬೆಳಕನ್ನು ಗೋಡೆಯ ಮೇಲೆ ಓಡಿಸಿದೆವು; ಅದನ್ನಂತೂ ಯಾರಿಂದಲೂ ಹಿಡಿಯಲಾಗುವುದಿಲ್ಲ ಎಂಬುದು ನಮಗೆ ಹೊಳೆಯಲಿಲ್ಲ. ಒಂದು ಸಂಜೆ ಐವತ್ತಾರು ವರ್ಷದ ನಾನು ಸೋಫಾದ ಹಿಂದೆ ಮೊಣಕಾಲೂರಿ, ಬಾಯಿಂದ ಚೀಂವ್ ಚೀಂವ್ ಎನ್ನುತ್ತ ಇಲಿ ಎಳೆಯುತ್ತಿದ್ದೆ. ನೀರಿನ ಮೋಟಾರಿನ ಮಾತಾಡಲು ಮನೆಯ ಮಾಲೀಕರು ತೆರೆದ ಬಾಗಿಲಲ್ಲಿ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಆಮ್ಯಾಲ ಬರ್ತೀನ್ರಿ, ಎಂದು ಇಳಿದುಹೋದರು. ಮಂಜಿ ಮಲಗಿದಲ್ಲಿಂದ ಏಳಲಿಲ್ಲ.

ಆಟ ನಿಂತ ಮೇಲೆ ಊಟ ಕಡಿಮೆಯಾಯಿತು. ಮುಂದಿನ ಗುರುವಾರ ಅರ್ಧ ತಿಂದಿತು. ಶುಕ್ರವಾರ ಮೂಸಿ ಬಿಟ್ಟಿತು. ಶನಿವಾರ ಬೆಳಿಗ್ಗೆ ತಟ್ಟೆಯ ಹತ್ತಿರ ಬರಲೇ ಇಲ್ಲ, ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಮಲಗಿತ್ತು. ಶಾಂತಾ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಬಾ ನನ್ನವ್ವ, ಒಂದ್ ತುತ್ತ ಉಣ್ಣು, ಎಂದು ಕರೆಯುತ್ತಿದ್ದಳು. ಮಕ್ಕಳಿಲ್ಲದ ಮನೆ ನಮ್ಮದು. ಈ ಮಾತನ್ನು ಇಲ್ಲಿ ಒಂದೇ ಸಲ ಬರೆಯುತ್ತೇನೆ.

ಬೆಕ್ಕನ್ನು ಕೈಚೀಲದಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದೆವು. ದಾರಿಯಲ್ಲಿ ಕಿರಾಣಿ ಅಂಗಡಿಯ ಕಾಟಾದ ಮೇಲೆ ತೂಗಿಸಿದೆ, ಡಾಕ್ಟರು ಕೇಳಿದರೆ ಹೇಳಲು ಒಂದು ಅಂಕಿ ಇರಲಿ ಎಂದು. ಆರು ಕಿಲೋ ನೂರು ಗ್ರಾಂ. ಬೆಕ್ಕ ಅದನೋ ಬೆಲ್ಲದ ಪೆಂಟಿನೋ, ಎಂದು ಅಂಗಡಿಯವನು ಕೇಳಿದ. ಶಾಂತಾ ಚೀಲವನ್ನು ಕಾಟಾದಿಂದ ಎತ್ತಿಕೊಂಡಳು.

ದವಾಖಾನೆಯಲ್ಲಿ ಎಮ್ಮೆ, ಆಡು, ಒಂದು ಕುಂಟುವ ಎತ್ತು ಸಾಲಿನಲ್ಲಿದ್ದವು. ಡಾಕ್ಟರು ಸಮಾಧಾನದಿಂದ ಪರೀಕ್ಷೆ ಮಾಡಿದರು. ಇಂಜೆಕ್ಷನ್ ಕೊಟ್ಟರು. ದಪ್ಪನೆಯ ಬೆಕ್ಕು ಊಟ ಬಿಟ್ಟರೆ ಅದರ ಯಕೃತ್ತಿಗೆ ಕೊಬ್ಬು ಏರುತ್ತದೆ, ಆಮೇಲೆ ಕಷ್ಟ ಎಂದರು. ಇನ್ನೆರಡು ದಿನದಲ್ಲಿ ತಾನಾಗಿ ತಿನ್ನಬೇಕು, ಇಲ್ಲದಿದ್ದರೆ ಬೀದರಿಗೆ ಒಯ್ಯಿರಿ, ಅಲ್ಲಿಯೂ ಖಾತ್ರಿ ಹೇಳಲಾಗದು ಎಂದರು. ಮೀನಿನ ಅಂಶವಿರುವ ಬೆಕ್ಕಿನ ಆಹಾರದ ಹೆಸರು ಬರೆದುಕೊಟ್ಟರು. ಶಾಂತಾ ಚೀಟಿಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡಳು.

ಹೊರಗೆ ಬೇವಿನ ಮರದ ಕೆಳಗೆ ನಮ್ಮನ್ನು ನಿಲ್ಲಿಸಿದವರು ಅಲ್ಲಿನ ಕಾಂಪೌಂಡರ್ ಮಿಲಿಂದ. ಬೇಮಳಖೇಡದವರು, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಾರೆ. ನಿವೃತ್ತಿಗೆ ಒಂದೆರಡು ವರ್ಷ ಉಳಿದಿರಬಹುದು. ಅಪ್ಪ ಅವ್ವ ಕಂಡವರ ಹೊಲದಲ್ಲಿ ದುಡಿದವರು. ತಾನು ಚಿಕ್ಕವನಿದ್ದಾಗ ಸುಗ್ಗಿಯ ದಿನ ಕಣದಲ್ಲೇ ಮಲಗಿ, ರಾಶಿಗೆ ಬರುವ ಇಲಿಗಳನ್ನು ಬೆಕ್ಕುಗಳು ಹಿಡಿಯುವುದನ್ನು ನೋಡುತ್ತಿದ್ದೆ ಎಂದು ಆಮೇಲೆ ಹೇಳಿದರು. ಅಂದು ಮೊದಲು ಕೇಳಿದ್ದು ಊಟದ ಬಗ್ಗೆ.

"ತಿನ್ನಾಕ ಏನ್ ಹಾಕ್ತೀರಿ ಬಾಯಾರ?"

"ಹಾಲು, ರೊಟ್ಟಿ, ಜರಾ ತುಪ್ಪ."

"ತುಪ್ಪ." ಮಿಲಿಂದ ಕನ್ನಡಕ ತೆಗೆದು ಒರೆಸಿಕೊಂಡರು. "ನನಗ ನಮ್ಮ ಮನ್ಯಾಗ ತುಪ್ಪ ಹಾಕಂಗಿಲ್ಲರಿ."

ಆಮೇಲೆ ಚೀಲದಿಂದ ಮಂಜಿಯ ತಲೆಯನ್ನು ಹೊರಗೆ ತೆಗೆದು, ಹೆಬ್ಬೆರಳಿನಿಂದ ಅದರ ತುಟಿಯನ್ನು ಮೆಲ್ಲಗೆ ಮೇಲೆತ್ತಿದರು. ಮಂಜಿ ಬಿಡಿಸಿಕೊಳ್ಳಲಿಲ್ಲ, ಅಷ್ಟು ತ್ರಾಣವಿರಲಿಲ್ಲ.

"ನೋಡ್ರಿ. ಇವು ರೊಟ್ಟಿ ಕಡಿಯೋ ಹಲ್ಲೇನ್ರಿ?"

ಶಾಂತಾ ಬಾಗಿ ನೋಡಿದಳು. ನಾನೂ ನೋಡಿದೆ. ಎರಡು ವರ್ಷಕ್ಕೂ ಮಿಕ್ಕಿ ನಮ್ಮ ಮಂಚದ ಮೇಲೆ ಮಲಗಿದ ಪ್ರಾಣಿಯ ಬಾಯಿಯೊಳಗೆ ನಾವು ಅದುವರೆಗೆ ನೋಡಿರಲಿಲ್ಲ. ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗೆ, ದಬ್ಬಣದಷ್ಟು ಚೂಪು. ಹಿಂದಿನ ಹಲ್ಲುಗಳು ಕತ್ತರಿಯ ಅಲಗುಗಳ ಹಾಗೆ ಒಂದರ ಪಕ್ಕ ಒಂದು ಜಾರುವಂತಿದ್ದವು. ಅರೆಯುವ ಹಲ್ಲು ಒಂದೂ ಇರಲಿಲ್ಲ. ಎಷ್ಟು ಸಣ್ಣ ಬಾಯಿ, ಎಷ್ಟು ಪೂರ್ತಿಯಾದ ಏರ್ಪಾಡು.

ಮಿಲಿಂದ ಆಟದ ಬಗ್ಗೆ ಕೇಳಿದರು. ಶಾಂತಾ ಎಲ್ಲ ಹೇಳಿದಳು, ವೇಳಾಪಟ್ಟಿ ಸಮೇತ. ಅವರು ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಒಮ್ಮ್ಯಾರೆ ಹಿಡದದೇನ್ರಿ?"

ಇಲ್ಲ, ಐದು ತಿಂಗಳಲ್ಲಿ ಒಮ್ಮೆಯೂ ಇಲ್ಲ, ಎಂದಳು ಶಾಂತಾ. ನನ್ನ ವೃತ್ತಿಯಲ್ಲಿ ಇಂಥ ಪ್ರಶ್ನೆಯನ್ನು ನಾನು ಬೇರೆಯವರಿಗೆ ಹಾಕಬೇಕು.

"ಐದ್ ತಿಂಗಳಾ?" ಮಿಲಿಂದ ಮಂಜಿಯ ತಲೆಯನ್ನು ಮತ್ತೆ ಚೀಲದೊಳಗೆ ಸರಿಸಿದರು. "ನಮ್ಮವ್ವ ಐದ್ ತಿಂಗಳ ದುಡದ್ ಪಗಾರ ಸಿಗಲಿಲ್ಲಂದ್ರ ಆರನೇ ತಿಂಗಳ ಆ ಹೊಲಕ್ಕ ಹೋಗ್ತಿದ್ದಿಲ್ರಿ. ನೀವು ಉಣಿಸಿ ಆಡಸ್ತೀರಿ ಬಾಯಾರ. ಇದು ಆಡಿ ಉಣ್ಣೋ ಜೀವ. ಹಿಡೀಲಾಕ ಬಿಡ್ರಿ. ಹಿಡದ ಮ್ಯಾಲ ಕಸಕೋಬ್ಯಾಡ್ರಿ. ಆಮ್ಯಾಲ ಊಟ ಇಡ್ರಿ."

"ಅದು ಕೊಲ್ಲೋದಲ್ಲೇನ್ರಿ ಅಣ್ಣಾ?" ಎಂದಳು ಶಾಂತಾ. ದನಿ ಶಾಲೆಯದಾಗಿರಲಿಲ್ಲ.

ಮಿಲಿಂದ ನಗಲಿಲ್ಲ. "ಅರಿವಿ ಇಲಿ ಸಾಯಂಗಿಲ್ರಿ," ಎಂದರು. "ಇದು ಸಾಯಾಕತ್ತದ."

ಆಟೋದಲ್ಲಿ ವಾಪಸ್ಸು ಹೊರಟೆವು. ಆಯಿಯ ಹೊಸ್ತಿಲು, ಸಂಜೆಯ ಖಾಲಿ ತಟ್ಟೆ ನನ್ನ ತಲೆಯಲ್ಲಿದ್ದವು. ಕಣ್ಣೆದುರು ನಡೆದದ್ದನ್ನು ನಾನು ನಲವತ್ತೈದು ವರ್ಷ ತಪ್ಪಾಗಿ ವರದಿ ಮಾಡಿಕೊಂಡಿದ್ದೆ. ಮನೆಗೆ ಬರುವ ಮೊದಲು ಶಾಂತಾ ಆಟೋ ನಿಲ್ಲಿಸಿ, ಚೀಟಿ ನನ್ನ ಕೈಗೆ ಕೊಟ್ಟು, ಔಷಧಿ ಅಂಗಡಿಯ ಕಡೆ ತೋರಿಸಿದಳು. ನಮ್ಮ ಮನೆಗೆ ಮೀನಿನ ವಾಸನೆಯ ಪೊಟ್ಟಣ ಬಂದದ್ದು ಅಂದು. ಅದಕ್ಕೆ ಬಾಲ್ಕನಿಯಲ್ಲಿ ಬೇರೆ ಹಲಗೆ, ಬೇರೆ ಚಮಚ. ಅಡುಗೆಮನೆಗೆ ತರಬಾರದು, ಮೂಗು ಮುರಿಯಲೂಬಾರದು ಎಂದು ನನಗೆ ಹೇಳಿದಳು. ಅಕಿ ಊಟ ಅಕೀದು, ನಮ್ದು ನಮ್ದು, ಎಂದಳು. ಬಂದವರಿಗೆ ಅವರವರ ಊಟ ಹಾಕುವುದು ಅವಳಿಗೆ ಹೊಸದಾಗಿರಲಿಲ್ಲ. ಕೈ ಬರದೇ ಇದ್ದದ್ದು ಇಲಿಯ ವಿಷಯದಲ್ಲಿ.

ಸಂಜೆ ಐದೂವರೆಗೆ ಅವಳು ಕಿಟಕಿಯ ಬೆಳಕಿಗೆ ಕುಳಿತಳು. ತೊಡೆಯ ಮೇಲೆ ಇಲಿ, ಕೈಯಲ್ಲಿ ಸಣ್ಣ ಕತ್ತರಿ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಮೊದಲು ಎಡಗಣ್ಣಿನ ದಾರ ಕತ್ತರಿಸಿದಳು. ಗುಂಡಿ ಅಂಗೈಗೆ ಬಿತ್ತು. ಆಮೇಲೆ ಬಲಗಣ್ಣು. ಎರಡೂ ಗುಂಡಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಈಗ ಅರಿವಿ ಅಷ್ಟ," ಎಂದಳು. ನನಗೆ ಹೇಳಿದ್ದಲ್ಲ.

ಆರೂ ಹತ್ತಕ್ಕೆ ಅವಳು ನೆಲದ ಮೇಲೆ ಕುಳಿತು, ಕೋಲನ್ನು ಬದಿಗಿಟ್ಟು, ಲಾಡಿಯನ್ನು ಬರಿಗೈಯಲ್ಲೇ ಹಿಡಿದಳು. ಇಲಿಯನ್ನು ಮಂಚದ ಕಾಲಿನ ಹಿಂದೆ ಇಟ್ಟು ಬೆರಳಗಲ ಎಳೆದಳು, ನಿಲ್ಲಿಸಿದಳು. ಮತ್ತೆ ಬೆರಳಗಲ. ಮಂಚದ ಕೆಳಗಿನ ಬೂದು ಗಂಟು ಅಲುಗಲಿಲ್ಲ. ಹತ್ತು ನಿಮಿಷ ಕಳೆಯಿತು. ನಾನು ಕುರ್ಚಿಯ ಮೇಲಿದ್ದೆ, ಏಳಲೂ ಇಲ್ಲ, ಕೆಮ್ಮಲೂ ಇಲ್ಲ. ಹದಿನಾಲ್ಕನೇ ನಿಮಿಷಕ್ಕೆ ಒಂದು ಕಿವಿ ತಿರುಗಿತು.

ಆಮೇಲೆ ಮುಖ ತಿರುಗಿತು. ಮಂಜಿ ಇಲಿಯನ್ನು ನೋಡಿತು. ಆ ಮಂಗಳವಾರದಂತೆ ಶಾಂತಾಳನ್ನೂ ನೋಡಿತು. ಶಾಂತಾ ಕಣ್ಣು ಕೆಳಗೆ ಹಾಕಿದಳು. ಬೆಕ್ಕು ಎದ್ದು ನಿಂತದ್ದು ಹಿಂಗಾಲು ನಡುಗಿಸುತ್ತ. ಜಿಗಿಯಲಿಲ್ಲ. ಜಿಗಿಯುವ ಶಕ್ತಿ ಇರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಬಂದು ಮುಂಗಾಲನ್ನು ಇಲಿಯ ಬೆನ್ನ ಮೇಲೆ ಇಟ್ಟಿತು. ಶಾಂತಾಳ ಕೈ ಲಾಡಿಯನ್ನು ಬಿಗಿ ಹಿಡಿಯಿತು. ಈಗ ಸೆಳೆಯುತ್ತಾಳೆ ಎಂದುಕೊಂಡೆ. ಅವಳು ಬೆರಳು ಬಿಚ್ಚಿದಳು. ಲಾಡಿ ನೆಲಕ್ಕೆ ಬಿತ್ತು.

ಮಂಜಿ ಬಾಗಿ ಇಲಿಯ ಕುತ್ತಿಗೆಯನ್ನು ಕಚ್ಚಿತು. ಎಲ್ಲೆಲ್ಲೋ ಅಲ್ಲ, ಕುತ್ತಿಗೆಯನ್ನೇ. ಬಟ್ಟೆಯ ಇಲಿಗೆ ಕುತ್ತಿಗೆ ಎಲ್ಲಿದೆ ಎಂಬುದು ಹೊಲಿದವಳಿಗೂ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಿತ್ತು. ಆಗ ಅದರ ಗಂಟಲಿನಿಂದ ಒಂದು ಸದ್ದು ಬಂತು. ಗುರುಗುರು ಅಲ್ಲ, ಮಿಯಾಂವ್ ಅಲ್ಲ. ತಗ್ಗಿನಲ್ಲಿ, ಎಲ್ಲೋ ದೂರ ಬಂಡಿ ಉರುಳಿದ ಹಾಗೆ. ನಮ್ಮ ಮನೆಯಲ್ಲಿ ಅಂಥ ಸದ್ದು ಅದುವರೆಗೆ ಕೇಳಿರಲಿಲ್ಲ. ಆರು ಕಿಲೋ ತೂಕದ, ತುಪ್ಪ ತಿನ್ನುವ, ನನ್ನ ದಿಂಬಿನ ಮೇಲೆ ಮಲಗುವ ಬೆಕ್ಕಿನೊಳಗೆ ಇನ್ನೊಂದು ಪ್ರಾಣಿ ಇತ್ತು. ಅದು ನಮ್ಮ ಊರುಗಳಿಗಿಂತ ಹಳೆಯದು, ಕೋಟೆಗಿಂತ ಹಳೆಯದು. ಅದು ಈಗ ಎದ್ದು ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು, ತಲೆ ಎತ್ತಿ, ಬೇಟೆಯನ್ನು ಬಾಯಲ್ಲಿ ಹಿಡಿದು, ಲಾಡಿಯನ್ನು ಎರಡು ಕಾಲುಗಳ ನಡುವೆ ಎಳೆದುಕೊಂಡು. ಪಡಸಾಲೆ ದಾಟಿತು, ಅಡುಗೆಮನೆಯ ಬಾಗಿಲು ದಾಟಿತು, ಮಲಗುವ ಕೋಣೆ ಸುತ್ತಿ ಬಂತು. ನಾವಿಬ್ಬರೂ ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತೆವು. ಕೊನೆಗೆ ಇಲಿಯನ್ನು ಒಯ್ದು ತನ್ನ ಖಾಲಿ ತಟ್ಟೆಯಲ್ಲಿ ಇಟ್ಟು, ಪಕ್ಕದಲ್ಲಿ ಕುಳಿತಿತು.

ಶಾಂತಾ ಬಾಲ್ಕನಿಗೆ ಹೋಗಿ ಪೊಟ್ಟಣ ತಂದಳು. ಇಲಿಯನ್ನು ಕಸಿಯಲಿಲ್ಲ, ಅದರ ಪಕ್ಕದಲ್ಲೇ ಒಂದು ಚಮಚ ಹಾಕಿದಳು. ಮಂಜಿ ತಿಂದಿತು. ಇನ್ನೊಂದು ಚಮಚ ಹಾಕಿದಳು. ಅದನ್ನೂ ತಿಂದಿತು. ಶಾಂತಾ ಅಲ್ಲೇ ಗೋಡೆಗೆ ಒರಗಿ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಂಟಿನಲ್ಲಿದ್ದ ಗುಂಡಿಗಳು ಒಂದಕ್ಕೊಂದು ತಾಗಿದ ಸದ್ದು ಕೇಳಿಸಿತು.

ಬೆಕ್ಕನ್ನು ಉಳಿಸಿದ್ದು ಬೆಳಗಿನ ಇಂಜೆಕ್ಷನ್ನೋ, ಸಂಜೆಯ ಇಲಿಯೋ ನಾನು ಹೇಳಲಾರೆ. ಎರಡರ ನಡುವೆ ಎಂಟು ಗಂಟೆಯ ಅಂತರವಿತ್ತು. ಇಂಜೆಕ್ಷನ್ನಿಗೂ ಅಷ್ಟು ಸಮಯ ಬೇಕಾಗಿರಬಹುದು. ಡಾಕ್ಟರನ್ನು ಕೇಳಿದಾಗ ಎರಡೂ ಎಂದರು. ಮಿಲಿಂದರನ್ನು ಕೇಳಿದಾಗ, ಅದನ್ನ ತಗೊಂಡ್ ನೀವೇನ್ ಪೇಪರಿಗೆ ಹಾಕ್ತೀರೇನ್ರಿ ಸರ್, ಎಂದರು. ಸೋಮವಾರ ಬೀದರಿಗೆ ಹೋಗುವ ಅಗತ್ಯ ಬೀಳ‌ಲಿಲ್ಲ.

ಅಂದಿನಿಂದ ನಮ್ಮ ವೇಳಾಪಟ್ಟಿ ತಲೆಕೆಳಗಾಯಿತು. ಆರೂ ಹತ್ತಕ್ಕೆ ಆಟ, ಆರೂವರೆಗೆ ಊಟ. ಶಾಂತಾ ಮೊದಲ ಕೆಲವು ದಿನ ಹಿಡಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈಗ ಮುಚ್ಚುವುದಿಲ್ಲ. ಇಲಿಯನ್ನು ಎಳೆಯುವುದರಲ್ಲಿ ಅವಳಿಗೆ ಬಂದಿರುವ ಕುಶಲತೆ ಹೇಳಬೇಕು. ಬೆದರಿದ ಇಲಿ, ಗಾಯಗೊಂಡ ಇಲಿ, ಯಾರೂ ನೋಡುತ್ತಿಲ್ಲ ಎಂದುಕೊಂಡ ಇಲಿ, ಎಲ್ಲ ಅವಳ ಮಣಿಕಟ್ಟಿನಲ್ಲಿವೆ. ನನ್ನ ಇಲಿ ಮಾತ್ರ ಯಾವಾಗಲೂ ನೇರ ಗೆರೆಯಲ್ಲಿ ಓಡುತ್ತದೆ. ಮಂಜಿ ಅದನ್ನು ನಾಲ್ಕು ಸಲ ನೋಡಿ ಐದನೇ ಸಲ ಎದ್ದುಹೋಗುತ್ತದೆ. ಬರವಣಿಗೆಯಲ್ಲೂ ನಿಮ್ಮದು ಹಾಂಗೇ ಅದ, ಎಂದು ಶಾಂತಾ ಹೇಳುತ್ತಾಳೆ. ತಿಂಗಳಿಗೊಮ್ಮೆ ಅದೇ ಕಾಟಾದ ಮೇಲೆ ತೂಗಿಸುತ್ತೇವೆ. ಈಚಿನ ತೂಕ ನಾಲ್ಕು ಕಿಲೋ ಎಂಟುನೂರು ಗ್ರಾಂ.

ಉಳಿದದ್ದು ನಿನ್ನೆಯ ಸಂಗತಿ. ಭಾನುವಾರ ಕೆಳಗಿನ ಮನೆಯವರು ಹೊಸ ತೊಗರಿಯ ಚೀಲಗಳನ್ನು ಇಳಿಸಿದ್ದರು. ನಿನ್ನೆ ಸೋಮವಾರ ಸಂಜೆ ಆರು ಗಂಟೆ ದಾಟಿತ್ತು. ಶಾಂತಾ ಶಾಲೆಯಿಂದ ಬಂದು ಮುಖ ತೊಳೆದು ಪಡಸಾಲೆಯಲ್ಲಿ ನಿಂತಿದ್ದಳು. ಬಾಲ್ಕನಿಯ ಕಡೆಯಿಂದ ಮಂಜಿ ಬಂತು. ತಲೆ ಎತ್ತಿತ್ತು, ಬಾಯಲ್ಲಿ ಏನೋ ಇತ್ತು. ನೇರ ಶಾಂತಾಳ ಪಾದದ ಹತ್ತಿರ ಬಂದು ಅದನ್ನು ನೆಲಕ್ಕೆ ಇಳಿಸಿತು. ನಿಜವಾದ ಇಲಿ. ಹೆಬ್ಬೆರಳಿನಷ್ಟು ದೊಡ್ಡದು. ಜೀವ ಇತ್ತು, ಗಾಯ ಇರಲಿಲ್ಲ, ಪಕ್ಕೆಗಳು ಬಡಿದುಕೊಳ್ಳುತ್ತಿದ್ದವು.

ಮಂಜಿ ಅದರ ಮೇಲೆ ಕಾಲಿಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿಯಿತು. ಬಾಲವನ್ನು ಕಾಲಿನ ಸುತ್ತ ಸುತ್ತಿಕೊಂಡು ಕುಳಿತು, ಶಾಂತಾಳ ಮುಖವನ್ನು ನೋಡಿತು.

ಮೂವರೂ ಅಲುಗಲಿಲ್ಲ. ಇಲಿಯನ್ನು ಸೇರಿಸಿದರೆ ನಾಲ್ವರು.

"ಏನ್ ಅಂತದ ಅದು?" ಎಂದೆ.

ಶಾಂತಾ ಕಣ್ಣು ತೆಗೆಯದೆ, ಬಹಳ ಮೆಲ್ಲಗೆ ಹೇಳಿದಳು: "ಈಗ ನಿನ್ನ ಪಾಳಿ ಅಂತಾಳ್ರೀ."

ಇಲಿ ಅವಳ ಎರಡು ಪಾದಗಳ ನಡುವಿನಿಂದ ಓಡಿ ಅಲಮಾರಿಯ ಹಿಂದೆ ಹೋಯಿತು. ಮಂಜಿ ಬೆನ್ನು ಹತ್ತಲಿಲ್ಲ. ಹೋಗಿ ಅಲಮಾರಿಯ ಒಂದು ಬದಿಯಲ್ಲಿ ಕುಳಿತು, ಇನ್ನೊಂದು ಬದಿಯನ್ನು ಖಾಲಿ ಬಿಟ್ಟಿತು.

ಇಂದು ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಇಲಿ ಹೊರಗೆ ಬಂದಿಲ್ಲ. ಬೆಕ್ಕು ಅಲ್ಲೇ ಇದೆ. ಖಾಲಿ ಇದ್ದ ಬದಿಯಲ್ಲಿ ಶಾಂತಾ ಕುಳಿತಿದ್ದಾಳೆ. ಶಾಲೆಗೆ ಅರ್ಧ ದಿನದ ರಜೆ ಹಾಕಿದ್ದಾಳೆ.